ಕುಣಿಮಗ್ಗದ ಕಾಲುಮಣೆ ಹೊಂದಾಣಿಕೆ

ಕುಣಿಮಗ್ಗದ ಕಾಲುಮಣೆ ಹೊಂದಾಣಿಕೆ ಎಂಬುದು, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕೈಮಗ್ಗದಲ್ಲಿ ಪಾದದಿಂದ ತುಳಿಯುವ ಮಣೆಗಳ ಎತ್ತರ, ದೂರ, ಪರಸ್ಪರ ಅಂತರ ಹಾಗೂ ಅವುಗಳಿಗೆ ಕಟ್ಟಿದ ಹಗ್ಗಗಳ ಉದ್ದವನ್ನು ನೇಕಾರರ ದೇಹಪ್ರಮಾಣಕ್ಕೂ ನೇಯುವ ಬಟ್ಟೆಯ ಗುಣಕ್ಕೂ ತಕ್ಕಂತೆ ಸರಿಪಡಿಸಿಕೊಳ್ಳುವ ಕ್ರಿಯೆಯಾಗಿದೆ. ಕಾಲುಮಣೆಯನ್ನು ತುಳಿಮಣೆ, ಪೆಡಲು ಎಂದೂ ಕರೆಯುವುದುಂಟು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಭಾಗದ ರೇಷ್ಮೆ ಸೀರೆಯ ನೇಯ್ಗೆಯಲ್ಲಿಯೂ ಚಳ್ಳಕೆರೆ ಭಾಗದ ಕಂಬಳಿ ನೇಯ್ಗೆಯಲ್ಲಿಯೂ ಕುಣಿಮಗ್ಗ ಬಳಕೆಯಲ್ಲಿದೆ.

ಕುಣಿಮಗ್ಗದಲ್ಲಿ ನೇಕಾರರು ಕುಳಿತುಕೊಳ್ಳುವ ಸ್ಥಳವೆಂದರೆ ಕುಣಿಯ ಅಂಚು. ಅದು ನೆಲದ ಭಾಗವೇ ಆಗಿರುವುದರಿಂದ ಅದನ್ನು ಹಿಂದೆ ಮುಂದೆ ಸರಿಸಲು ಸಾಧ್ಯವಿಲ್ಲ. ಆದ್ದರಿಂದ ಮಗ್ಗವನ್ನು ದೇಹಕ್ಕೆ ಒಗ್ಗಿಸಿಕೊಳ್ಳಲು ಇರುವ ಮುಖ್ಯ ಮಾರ್ಗ ಕಾಲುಮಣೆಗಳನ್ನು ಹೊಂದಿಸುವುದೇ ಆಗಿದೆ. ಈ ಹೊಂದಾಣಿಕೆ ತಪ್ಪಿದರೆ ಬಟ್ಟೆಯಲ್ಲಿ ದೋಷಗಳು ಮೂಡುವುದಲ್ಲದೆ ನೇಕಾರರ ಮೊಣಕಾಲು, ಸೊಂಟ ಮತ್ತು ಬೆನ್ನಿಗೂ ತೊಂದರೆಯಾಗುತ್ತದೆ.

ಪ್ರಾದೇಶಿಕ ಹಿನ್ನೆಲೆ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಎರಡೂ ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿವೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಇವು ಸೇರುತ್ತವೆ. ಶೇಂಗಾ ಇಲ್ಲಿನ ಪ್ರಮುಖ ಬೆಳೆ. ಮಳೆಯನ್ನೇ ನಂಬಿದ ಬೇಸಾಯ ಕೈಕೊಟ್ಟಾಗ ಕುರಿ ಸಾಕಣೆ ಮತ್ತು ನೇಯ್ಗೆ ಅನೇಕ ಕುಟುಂಬಗಳಿಗೆ ಆಸರೆಯಾಗಿವೆ.

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು. ಹೂ, ಹಣ್ಣು, ಪ್ರಾಣಿಗಳ ವಿನ್ಯಾಸಗಳಿರುವ ಇಲ್ಲಿನ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಚಳ್ಳಕೆರೆ ಭಾಗದಲ್ಲಿ ದಖ್ಖನಿ ತಳಿಯ ಕುರಿಗಳ ಉಣ್ಣೆಯಿಂದ ಕಂಬಳಿ ನೇಯುವ ಕಸುಬು ಬಹುಕಾಲದಿಂದ ನಡೆದುಬಂದಿದೆ. ಕುರುಬ ಸಮುದಾಯದವರು ಈ ಕಸುಬಿನಲ್ಲಿ ಪ್ರಮುಖರು. ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ ಅತಿ ನಯವಾದ ರೇಷ್ಮೆ ಎಳೆಯೂ ಅತಿ ಒರಟಾದ ಉಣ್ಣೆ ನೂಲೂ ಒಂದೇ ಬಗೆಯ ಮಗ್ಗದ ಮೇಲೆ ನೇಯಲ್ಪಡುತ್ತವೆ. ಇವೆರಡಕ್ಕೂ ಕಾಲುಮಣೆಯ ಹೊಂದಿಕೆ ಮಾತ್ರ ಬೇರೆ ಬೇರೆ.

ಕುಣಿಮಗ್ಗದ ರಚನೆ

ನೇಯ್ಗೆಯಲ್ಲಿ ಉದ್ದಕ್ಕೆ ಬಿಗಿದಿರುವ ಎಳೆಗಳಿಗೆ ಹಾಸು ಎಂದೂ ಅಡ್ಡಲಾಗಿ ಸೇರುವ ಎಳೆಗಳಿಗೆ ಹೊಕ್ಕು ಎಂದೂ ಹೆಸರು. ಹೊಕ್ಕಿನ ನೂಲನ್ನು ಹೊತ್ತು ಸಾಗುವ ಸಾಧನ ಲಾಳಿ. ಹೊಕ್ಕನ್ನು ಬಟ್ಟೆಯ ಅಂಚಿಗೆ ತಳ್ಳಿ ಕೂಡಿಸುವ ಬಾಚಣಿಗೆಯಂತಹ ಭಾಗ ಹಣಿಗೆ. ಹಾಸಿನ ಎಳೆಗಳನ್ನು ಮೇಲಕ್ಕೂ ಕೆಳಕ್ಕೂ ಒಯ್ಯುವ ಕುಣಿಕೆಗಳ ಚೌಕಟ್ಟಿಗೆ ಹೀಲ್ಡ್ ಎನ್ನುತ್ತಾರೆ. ಪ್ರತಿಯೊಂದು ಹಾಸಿನ ಎಳೆಯೂ ಯಾವುದಾದರೂ ಒಂದು ಹೀಲ್ಡ್‌ನ ಕಣ್ಣಿನ ಮೂಲಕ ಹಾದುಹೋಗಿರುತ್ತದೆ.

ಸಾದಾ ನೇಯ್ಗೆಗೆ ಕನಿಷ್ಠ ಎರಡು ಹೀಲ್ಡ್‌ಗಳು ಬೇಕು. ಒಂದರಲ್ಲಿ ಬೆಸ ಸಂಖ್ಯೆಯ ಎಳೆಗಳು, ಇನ್ನೊಂದರಲ್ಲಿ ಸಮ ಸಂಖ್ಯೆಯ ಎಳೆಗಳು ಇರುತ್ತವೆ. ಎರಡು ಹೀಲ್ಡ್‌ಗಳ ಮೇಲಿನ ಪಟ್ಟಿಗಳನ್ನು ಮಗ್ಗದ ನೆತ್ತಿಯಲ್ಲಿರುವ ರಾಟೆ ಅಥವಾ ಉರುಳೆಯ ಮೇಲೆ ಹಾಯಿಸಿದ ಹಗ್ಗದಿಂದ ಒಂದಕ್ಕೊಂದು ಜೋಡಿಸಿರುತ್ತಾರೆ. ಕೆಳಗಿನ ಪಟ್ಟಿಗಳಿಂದ ಹಗ್ಗಗಳು ಕುಣಿಯೊಳಗೆ ಇಳಿದು ಕಾಲುಮಣೆಗಳನ್ನು ಸೇರುತ್ತವೆ. ಬಾವಿಯ ರಾಟೆಯ ಎರಡು ಬದಿಗೆ ಕೊಡ ಕಟ್ಟಿದಂತೆ, ಒಂದು ಹೀಲ್ಡ್ ಕೆಳಗಿಳಿದಾಗ ಇನ್ನೊಂದು ತಾನಾಗಿ ಮೇಲೇರುತ್ತದೆ. ಆಗ ಹಾಸಿನ ಎಳೆಗಳು ಎರಡು ಪದರಗಳಾಗಿ ಬೇರ್ಪಟ್ಟು ನಡುವೆ ಒಂದು ತೆರಪು ಉಂಟಾಗುತ್ತದೆ. ಲಾಳಿ ಸಾಗುವುದು ಈ ತೆರಪಿನಲ್ಲಿ. ಇದನ್ನು ತಾಂತ್ರಿಕವಾಗಿ ಶೆಡ್ ಎನ್ನುತ್ತಾರೆ. ಈ ಲೇಖನದಲ್ಲಿ ಲಾಳಿದಾರಿ ಎಂಬ ಪದವನ್ನು ಬಳಸಲಾಗಿದೆ.

ಮಗ್ಗವನ್ನು ಕುಣಿಯ ಮೇಲೆ ಹೂಡುವುದಕ್ಕೆ ಕೆಲವು ಕಾರಣಗಳಿವೆ. ಎತ್ತರವಾದ ಮರದ ಚೌಕಟ್ಟಿನ ಅಗತ್ಯ ಇರುವುದಿಲ್ಲವಾದ್ದರಿಂದ ಮರದ ಖರ್ಚು ಕಡಿಮೆ. ಮಗ್ಗದ ಗೂಟಗಳು ನೆಲದಲ್ಲಿ ಹೂತಿರುವುದರಿಂದ ಬಡಿತಕ್ಕೆ ಅಲುಗಾಡುವುದಿಲ್ಲ. ಹಾಸು ನೆಲಕ್ಕೆ ಸಮೀಪವಿರುವುದರಿಂದ ಮಣ್ಣಿನ ತಂಪು ಎಳೆಗಳಿಗೆ ತಾಗಿ ಅವು ಒಣಗಿ ತುಂಡಾಗುವುದು ಕಡಿಮೆಯಾಗುತ್ತದೆ. ಒಣ ಹವೆಯ ಸೀಮೆಯಲ್ಲಿ ಈ ಕೊನೆಯ ಅನುಕೂಲ ಸಣ್ಣದಲ್ಲ.

ಕಾಲುಮಣೆಯ ಕಾರ್ಯತತ್ತ್ವ

ಕಾಲುಮಣೆ ಒಂದು ಸರಳ ಸನ್ನೆ. ಅದರ ಒಂದು ತುದಿಯನ್ನು ಕುಣಿಯಲ್ಲಿ ಅಡ್ಡಲಾಗಿ ಇಟ್ಟ ಕಂಬಿ ಅಥವಾ ಗೂಟಕ್ಕೆ ತಿರುಗುವಂತೆ ಸಿಕ್ಕಿಸಿರುತ್ತಾರೆ. ಇದೇ ಆನುಬಿಂದು. ಮಣೆಯ ಇನ್ನೊಂದು ಭಾಗವನ್ನು ಪಾದ ಒತ್ತುತ್ತದೆ. ಹೀಲ್ಡ್‌ನಿಂದ ಬಂದ ಹಗ್ಗವನ್ನು ಮಣೆಯ ಮೇಲೆ ಒಂದು ನಿಶ್ಚಿತ ಸ್ಥಳದಲ್ಲಿ ಕಟ್ಟಿರುತ್ತಾರೆ. ಕೆಲವು ಮಗ್ಗಗಳಲ್ಲಿ ಆನುಬಿಂದು ನೇಕಾರರಿಗೆ ಎದುರಿನ ಗೋಡೆಯ ಕಡೆ ಇರುತ್ತದೆ. ಕೆಲವುಗಳಲ್ಲಿ ನೇಕಾರರ ಹಿಮ್ಮಡಿಯ ಕಡೆ ಇರುತ್ತದೆ.

ಸನ್ನೆಯ ನಿಯಮ ಶಾಲಾ ಪಠ್ಯಗಳಲ್ಲಿ ಬರುವಂಥದೇ. ಆನುಬಿಂದುವಿನಿಂದ ಪಾದದವರೆಗಿನ ದೂರ 50 ಸೆಂ.ಮೀ., ಹಗ್ಗ ಕಟ್ಟಿದ ಸ್ಥಳದವರೆಗಿನ ದೂರ 25 ಸೆಂ.ಮೀ. ಎಂದಿಟ್ಟುಕೊಂಡರೆ, ಹಗ್ಗದ ಎಳೆತದ ಅರ್ಧದಷ್ಟು ಬಲವನ್ನು ಪಾದ ಹಾಕಿದರೆ ಸಾಕು. ಆದರೆ ಹಗ್ಗ 4 ಸೆಂ.ಮೀ. ಇಳಿಯಬೇಕಾದರೆ ಪಾದ 8 ಸೆಂ.ಮೀ. ಇಳಿಯಬೇಕು. ಅದೇ ಹಗ್ಗವನ್ನು 40 ಸೆಂ.ಮೀ. ದೂರದಲ್ಲಿ ಕಟ್ಟಿದರೆ ಪಾದ 5 ಸೆಂ.ಮೀ. ಮಾತ್ರ ಇಳಿದರೆ ಸಾಕು; ಆದರೆ ಎಳೆತದ ಐದರಲ್ಲಿ ನಾಲ್ಕು ಪಾಲು ಬಲವನ್ನು ಹಾಕಬೇಕಾಗುತ್ತದೆ. ಅಂದರೆ ಹಗ್ಗ ಆನುಬಿಂದುವಿಗೆ ಹತ್ತಿರವಾದಷ್ಟು ತುಳಿತ ಹಗುರ, ಆದರೆ ಆಳ. ದೂರವಾದಷ್ಟು ತುಳಿತ ಮೇಲುಮೇಲಿನದು, ಆದರೆ ಭಾರ. ಎರಡನ್ನೂ ಒಟ್ಟಿಗೆ ಪಡೆಯಲು ಯಾವ ಉಪಾಯವೂ ಇಲ್ಲ. ಹೊಂದಾಣಿಕೆ ಎಂದರೆ ಇವೆರಡರ ನಡುವೆ ಒಬ್ಬ ವ್ಯಕ್ತಿಗೆ ಸೂಕ್ತವಾದ ಬಿಂದುವನ್ನು ಕಂಡುಕೊಳ್ಳುವುದು.

ಲಾಳಿದಾರಿಯ ಅಳತೆಯೂ ಇದರೊಂದಿಗೆ ಸೇರಿಕೊಂಡಿದೆ. ಬಟ್ಟೆಯ ಅಂಚಿನಿಂದ ಮುಂದಿನ ಹೀಲ್ಡ್ 24 ಸೆಂ.ಮೀ. ದೂರದಲ್ಲಿದ್ದು, ಅಲ್ಲಿ ಎಳೆಗಳು ಒಟ್ಟು 8 ಸೆಂ.ಮೀ. ತೆರೆದುಕೊಂಡರೆ, ಅಂಚಿನಿಂದ 15 ಸೆಂ.ಮೀ. ದೂರದಲ್ಲಿ ಸಾಗುವ ಲಾಳಿಗೆ 5 ಸೆಂ.ಮೀ. ತೆರಪು ಸಿಗುತ್ತದೆ. ಹಿಂದಿನ ಹೀಲ್ಡ್ 27 ಸೆಂ.ಮೀ. ದೂರದಲ್ಲಿದ್ದರೆ ಅಷ್ಟೇ ತೆರಪಿಗೆ ಅಲ್ಲಿ 9 ಸೆಂ.ಮೀ. ತೆರೆಯಬೇಕಾಗುತ್ತದೆ. ಆದಕಾರಣ ಹಿಂದಿನ ಹೀಲ್ಡ್ ಮುಂದಿನದಕ್ಕಿಂತ ತುಸು ಹೆಚ್ಚು ಚಲಿಸಬೇಕು. ಇದಕ್ಕಾಗಿ ಹಿಂದಿನ ಹೀಲ್ಡ್‌ನ ಹಗ್ಗವನ್ನು ನೆತ್ತಿಯ ಉರುಳೆಯ ದಪ್ಪನೆಯ ಭಾಗಕ್ಕೂ, ಕೆಳಗೆ ಕಾಲುಮಣೆಯಲ್ಲಿ ಆನುಬಿಂದುವಿನಿಂದ ಸ್ವಲ್ಪ ದೂರಕ್ಕೂ ಕಟ್ಟುತ್ತಾರೆ. ಹೀಗೆ ಮಾಡಿದಾಗ ಎರಡೂ ಪಾದಗಳು ಸಮನಾದ ಆಳಕ್ಕೆ ಇಳಿದರೂ ಲಾಳಿದಾರಿ ಒಂದೇ ಸಮನಾಗಿ ತೆರೆಯುತ್ತದೆ.

ಹೊಂದಿಸಬೇಕಾದ ಅಂಶಗಳು

ಎತ್ತರ: ಕಾಲುಮಣೆ ವಿಶ್ರಾಂತ ಸ್ಥಿತಿಯಲ್ಲಿದ್ದಾಗ ಪಾದ ಅದರ ಮೇಲೆ ಸಹಜವಾಗಿ ಕೂರಬೇಕು. ಮಣೆ ತೀರ ಎತ್ತರವಾದರೆ ಮೊಣಕಾಲು ಮೇಲಕ್ಕೆದ್ದು ಬಟ್ಟೆ ಸುತ್ತುವ ದಿಂಡಿಗೆ ತಗಲುತ್ತದೆ. ತೀರ ತಗ್ಗಾದರೆ ಪಾದವನ್ನು ಚಾಚಬೇಕಾಗಿ, ತೊಡೆಯ ಹಿಂಭಾಗ ಕುಣಿಯ ಅಂಚಿಗೆ ಒತ್ತಿಕೊಳ್ಳುತ್ತದೆ. ಪೂರ್ತಿ ತುಳಿದಾಗಲೂ ಮಣೆ ಕುಣಿಯ ತಳಕ್ಕೆ ತಾಗದೆ ಎರಡು ಮೂರು ಬೆರಳಿನಷ್ಟು ತೆರವು ಉಳಿಯಬೇಕು. ಎತ್ತರವನ್ನು ಮುಖ್ಯವಾಗಿ ಹಗ್ಗದ ಉದ್ದದಿಂದ ನಿಯಂತ್ರಿಸುತ್ತಾರೆ.

ದೂರ: ನೇಕಾರರು ಕುಳಿತ ಅಂಚಿನಿಂದ ಪಾದ ಒತ್ತುವ ಸ್ಥಳದವರೆಗಿನ ದೂರ ಕಾಲಿನ ಉದ್ದಕ್ಕೆ ಅನುಗುಣವಾಗಿರಬೇಕು. ಮೊಣಕಾಲು ಲಂಬಕೋನಕ್ಕಿಂತ ಸ್ವಲ್ಪ ಹೆಚ್ಚು ಬಿಚ್ಚಿಕೊಂಡಿರುವುದು ಅನುಕೂಲಕರ. ತುಳಿದ ಕೊನೆಯಲ್ಲಿಯೂ ಕಾಲು ಪೂರ್ಣವಾಗಿ ನೇರವಾಗಬಾರದು. ದೂರವನ್ನು ಬದಲಿಸಲು ಆನುಬಿಂದುವಿನ ಕಂಬಿಯನ್ನು ಮುಂದಕ್ಕೋ ಹಿಂದಕ್ಕೋ ಸರಿಸುತ್ತಾರೆ. ಕಂಬಿ ಕೂರುವ ಜಾಗದಲ್ಲಿ ಹಲವು ಕಚ್ಚುಗಳನ್ನು ಮೊದಲೇ ಮಾಡಿಟ್ಟಿದ್ದರೆ ಈ ಕೆಲಸ ಸುಲಭ.

ಅಂತರ: ಎರಡು ಮಣೆಗಳ ನಡುವಿನ ಅಂತರ ಸೊಂಟದ ಅಗಲಕ್ಕೆ ಸರಿಸುಮಾರಾಗಿರಬೇಕು. ಬಹಳ ಹತ್ತಿರವಿದ್ದರೆ ಒಂದು ಪಾದ ಎರಡೂ ಮಣೆಗಳನ್ನು ಒತ್ತುವ ಸಂಭವವಿದೆ. ಬಹಳ ದೂರವಿದ್ದರೆ ಪ್ರತಿ ತುಳಿತಕ್ಕೂ ಸೊಂಟ ಓಲಾಡುತ್ತದೆ. ಎರಡು ಮಣೆಗಳೂ ನೇಕಾರರ ದೇಹದ ನಡುಗೆರೆಯಿಂದ ಸಮದೂರದಲ್ಲಿರಬೇಕೆಂಬುದು ಮುಖ್ಯ.

ಹಗ್ಗ ಕಟ್ಟುವ ಬಿಂದು: ಮೇಲೆ ವಿವರಿಸಿದಂತೆ ಇದು ತುಳಿತದ ಆಳವನ್ನೂ ಭಾರವನ್ನೂ ನಿರ್ಧರಿಸುತ್ತದೆ. ಹಗ್ಗ ಹೀಲ್ಡ್‌ನ ನಡುಭಾಗದಿಂದ ನೇರವಾಗಿ ಕೆಳಗಿಳಿಯಬೇಕು. ಓರೆಯಾಗಿ ಎಳೆದರೆ ಹೀಲ್ಡ್ ಒಂದು ಬದಿಗೆ ವಾಲುತ್ತದೆ.

ಹೊಂದಿಸುವ ಕ್ರಮ

ಹೊಂದಾಣಿಕೆಯ ಕೆಲಸವನ್ನು ಮೇಲಿನಿಂದ ಕೆಳಕ್ಕೆ ಮಾಡಿಕೊಂಡು ಬರುವುದು ರೂಢಿ. ಹೀಲ್ಡ್‌ಗಳ ಮಟ್ಟ ಸರಿಯಿಲ್ಲದೆ ಕಾಲುಮಣೆಯನ್ನು ಮಾತ್ರ ತಿದ್ದಿದರೆ ಫಲವಿರುವುದಿಲ್ಲ.

1. ಹಾಸನ್ನು ನೇಯುವಾಗ ಇರುವಷ್ಟೇ ಬಿಗಿಗೆ ತರಲಾಗುತ್ತದೆ. ಸಡಿಲವಾದ ಹಾಸಿನ ಮೇಲೆ ತೆಗೆದ ಅಳತೆ ಬಿಗಿಯಾದಾಗ ಹೊಂದುವುದಿಲ್ಲ.

2. ಎರಡೂ ಹೀಲ್ಡ್‌ಗಳ ಕಣ್ಣುಗಳು ಒಂದೇ ಮಟ್ಟದಲ್ಲಿ ನಿಲ್ಲುವಂತೆ ಮೇಲಿನ ಹಗ್ಗಗಳನ್ನು ಸರಿಪಡಿಸಲಾಗುತ್ತದೆ. ಈ ಸ್ಥಿತಿಯಲ್ಲಿ ಲಾಳಿದಾರಿ ಮುಚ್ಚಿರುತ್ತದೆ. ಹಾಸಿನ ಎಲ್ಲ ಎಳೆಗಳೂ ಒಂದೇ ಹಾಳೆಯಂತೆ ಕಾಣುತ್ತವೆ. ಎರಡು ಹೀಲ್ಡ್‌ಗಳನ್ನು ಒಂದಕ್ಕೊಂದು ತಾತ್ಕಾಲಿಕವಾಗಿ ಕಟ್ಟಿಹಾಕಿದರೆ ಮುಂದಿನ ಕೆಲಸದಲ್ಲಿ ಅವು ಕದಲುವುದಿಲ್ಲ.

3. ನೇಕಾರರು ತಮ್ಮ ನಿತ್ಯದ ಭಂಗಿಯಲ್ಲಿ ಅಂಚಿನ ಮೇಲೆ ಕುಳಿತು ಪಾದಗಳನ್ನು ಇಳಿಬಿಡುತ್ತಾರೆ. ಪಾದಗಳು ಸಹಜವಾಗಿ ಎಲ್ಲಿ ನಿಲ್ಲುತ್ತವೆಯೋ ಅಲ್ಲಿಗೆ ಮಣೆಗಳು ಬರುವಂತೆ ಆನುಬಿಂದುವಿನ ಕಂಬಿಯನ್ನು ಸರಿಸಲಾಗುತ್ತದೆ. ಮಣೆಗೆ ಪಾದವನ್ನು ಹುಡುಕದೆ ಪಾದಕ್ಕೆ ಮಣೆಯನ್ನು ತರುವುದು ಇಲ್ಲಿನ ಸೂತ್ರ.

4. ಎರಡು ಮಣೆಗಳೂ ಒಂದೇ ಎತ್ತರದಲ್ಲಿ ನಿಲ್ಲುವಂತೆ ಕೆಳಗಿನ ಹಗ್ಗಗಳನ್ನು ಕಟ್ಟಲಾಗುತ್ತದೆ. ಮುಂದೆ ಮತ್ತೆ ತಿದ್ದಬೇಕಾಗುವುದರಿಂದ ಬಿಚ್ಚಲಾಗದ ಗಂಟಿಗೆ ಬದಲಾಗಿ ಎಳೆದು ಬಿಡಬಹುದಾದ ಜಾರುಗಂಟನ್ನು ಹಾಕುತ್ತಾರೆ.

5. ಹೀಲ್ಡ್‌ಗಳ ತಾತ್ಕಾಲಿಕ ಕಟ್ಟನ್ನು ಬಿಚ್ಚಿ ಬಲಮಣೆಯನ್ನು ಪೂರ್ತಿ ತುಳಿದು ಲಾಳಿದಾರಿಯನ್ನು ನೋಡಲಾಗುತ್ತದೆ. ಕೆಳಪದರದ ಎಳೆಗಳು ಲಾಳಿ ಜಾರುವ ಹಲಗೆಯ ಮೇಲೆ ಮೃದುವಾಗಿ ಒರಗಿರಬೇಕು. ಮೇಲ್ಪದರ ಲಾಳಿಯ ನೆತ್ತಿಗೆ ತಗಲದಷ್ಟು ಎತ್ತರದಲ್ಲಿರಬೇಕು. ಬಳಿಕ ಎಡಮಣೆಯನ್ನು ತುಳಿದು ಇದೇ ಪರೀಕ್ಷೆ ನಡೆಸಲಾಗುತ್ತದೆ.

6. ಎರಡು ಬದಿಯ ತೆರಪಿನಲ್ಲಿ ವ್ಯತ್ಯಾಸ ಕಂಡರೆ ಹಗ್ಗದ ಉದ್ದವನ್ನೂ ಹಗ್ಗ ಕಟ್ಟಿದ ಬಿಂದುವನ್ನೂ ಒಂದಾದ ಮೇಲೊಂದರಂತೆ ತಿದ್ದಲಾಗುತ್ತದೆ. ಎರಡನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಯಾವ ಪರಿಣಾಮವಾಯಿತೆಂದು ತಿಳಿಯುವುದಿಲ್ಲ.

7. ಕೊನೆಯಲ್ಲಿ ಒಂದೆರಡು ಅಂಗುಲ ಬಟ್ಟೆಯನ್ನು ನೇಯ್ದು ಪರಿಶೀಲಿಸಲಾಗುತ್ತದೆ. ಹೊಸ ಹಗ್ಗ ತುಸು ಹಿಗ್ಗುವುದರಿಂದ ಮೊದಲ ದಿನದ ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಮಟ್ಟವನ್ನು ನೋಡಬೇಕಾಗುತ್ತದೆ.

ಹತ್ತಿ ಮತ್ತು ನಾರಿನ ಹಗ್ಗಗಳು ತೇವವನ್ನು ಹೀರಿದಾಗ ಊದಿಕೊಂಡು ಗಿಡ್ಡವಾಗುತ್ತವೆ. ಒಣಗಿದಾಗ ಮತ್ತೆ ಉದ್ದವಾಗುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಸರಿಯಾಗಿದ್ದ ಹೊಂದಿಕೆ ಮಳೆಗಾಲದಲ್ಲಿ ಕೆಡಬಹುದು. ನೈಲಾನ್ ಹಗ್ಗ ತೇವಕ್ಕೆ ಅಷ್ಟಾಗಿ ಗಿಡ್ಡವಾಗದಿದ್ದರೂ ಎಳೆತಕ್ಕೆ ಹಿಗ್ಗುವ ಗುಣವುಳ್ಳದ್ದಾಗಿದೆ.

ತಪ್ಪು ಹೊಂದಾಣಿಕೆಯ ಲಕ್ಷಣಗಳು

ಕಾಲುಮಣೆ ಕಣ್ಣಿಗೆ ಕಾಣದ ಕುಣಿಯೊಳಗಿರುವುದರಿಂದ ಅದರ ದೋಷವನ್ನು ಬಟ್ಟೆಯಲ್ಲಿಯೇ ಓದಿಕೊಳ್ಳಬೇಕಾಗುತ್ತದೆ.

* ಕೆಲವು ಹಾಸಿನ ಎಳೆಗಳು ಹೊಕ್ಕಿನೊಂದಿಗೆ ಹೆಣೆಯದೆ ಬಟ್ಟೆಯ ಮೇಲೆ ತೇಲಿದ್ದರೆ, ಲಾಳಿದಾರಿ ಸಾಕಷ್ಟು ತೆರೆದಿಲ್ಲವೆಂದು ತಿಳಿಯಬೇಕು. ತುಳಿತದ ಆಳ ಸಾಲದಿರುವುದು ಇದಕ್ಕೆ ಕಾರಣವಿರಬಹುದು.

* ಲಾಳಿ ಕೆಳಪದರದ ಅಡಿಗೆ ನುಗ್ಗುತ್ತಿದ್ದರೆ, ಹೀಲ್ಡ್ ಸಾಕಷ್ಟು ಕೆಳಗಿಳಿಯದೆ ಎಳೆಗಳು ಹಲಗೆಯಿಂದ ಮೇಲೆದ್ದಿವೆ ಎಂದರ್ಥ. ಕೆಳಗಿನ ಹಗ್ಗವನ್ನು ಗಿಡ್ಡ ಮಾಡಿ ನೋಡಬೇಕು.

* ಹಾಸಿನ ಎಳೆಗಳು ಪದೇ ಪದೇ ತುಂಡಾಗುತ್ತಿದ್ದರೆ, ಲಾಳಿದಾರಿ ಅಗತ್ಯಕ್ಕಿಂತ ಹೆಚ್ಚು ತೆರೆಯುತ್ತಿರಬಹುದು ಅಥವಾ ಕೆಳಪದರ ಹಲಗೆಗೆ ಒತ್ತಿ ಸವೆಯುತ್ತಿರಬಹುದು.

* ಬಟ್ಟೆಯ ಒಂದು ಅಂಚು ಬಿಗಿಯಾಗಿ ಇನ್ನೊಂದು ಅಂಚು ಸಡಿಲವಾಗಿದ್ದರೆ, ಹಗ್ಗದ ಓರೆ ಎಳೆತದಿಂದ ಹೀಲ್ಡ್ ವಾಲಿರುವ ಸಾಧ್ಯತೆಯಿದೆ.

* ಒಂದು ಬಿಟ್ಟು ಒಂದು ಹೊಕ್ಕಿನಲ್ಲಿ ಮಾತ್ರ ದೋಷ ಕಂಡರೆ, ಅದು ಒಂದೇ ಕಾಲುಮಣೆಗೆ ಸಂಬಂಧಿಸಿದ್ದು. ಎರಡೂ ಬದಿಯ ಹೊಕ್ಕುಗಳಲ್ಲಿ ಕಂಡರೆ ಕಾರಣವನ್ನು ಹಾಸಿನ ಬಿಗಿಯಲ್ಲಿ ಅಥವಾ ನೆತ್ತಿಯ ರಾಟೆಯಲ್ಲಿ ಹುಡುಕಬೇಕು.

ರೇಷ್ಮೆ ಮತ್ತು ಉಣ್ಣೆ: ಎರಡು ಬಗೆಯ ಅಗತ್ಯ

ರೇಷ್ಮೆಯ ಎಳೆ ನಯವಾದುದು, ಬಲವಾದುದು, ಆದರೆ ಬಹಳ ಸಣ್ಣದು. ಸೀರೆಯ ಅಗಲದಲ್ಲಿ ಸಾವಿರಾರು ಎಳೆಗಳು ಒತ್ತಾಗಿ ಕೂರುತ್ತವೆ. ಇಂತಹ ಹಾಸಿಗೆ ಲಾಳಿ ದಾಟುವಷ್ಟು ಮಾತ್ರ ತೆರೆದ ಲಾಳಿದಾರಿ ಸಾಕು. ಹೆಚ್ಚು ತೆರೆದರೆ ಎಳೆಗಳ ಮೇಲೆ ವೃಥಾ ಒತ್ತಡ ಬೀಳುತ್ತದೆ. ಆದ್ದರಿಂದ ರೇಷ್ಮೆ ಮಗ್ಗದಲ್ಲಿ ತುಳಿತ ಮೃದುವಾಗಿಯೂ ಒಂದೇ ಸಮನಾಗಿಯೂ ಇರುವಂತೆ ಮಣೆಗಳನ್ನು ಹೊಂದಿಸುತ್ತಾರೆ.

ಅಂಚು, ಸೆರಗು ಮತ್ತು ಒಡಲಿನ ವಿನ್ಯಾಸಕ್ಕಾಗಿ ಜಕಾರ್ಡ್ ಯಂತ್ರವನ್ನು ಅಳವಡಿಸಿದ ಮಗ್ಗಗಳಲ್ಲಿ ಇನ್ನೊಂದು ತುಳಿಮಣೆ ಸೇರಿಕೊಳ್ಳುತ್ತದೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಸಾಧನದಲ್ಲಿ ತೂತು ಹೊಡೆದ ರಟ್ಟುಗಳು ಯಾವ ಎಳೆ ಏಳಬೇಕೆಂಬುದನ್ನು ನಿರ್ಧರಿಸುತ್ತವೆ. ಕೊಕ್ಕೆಗಳನ್ನೂ ಎಳೆಗಳಿಗೆ ಕಟ್ಟಿದ ಭಾರಗಳನ್ನೂ ಒಟ್ಟಾಗಿ ಎತ್ತಬೇಕಾದ್ದರಿಂದ ಜಕಾರ್ಡ್‌ನ ಮಣೆ ಸಾಮಾನ್ಯ ಮಣೆಗಿಂತ ಬಹಳ ಭಾರ. ಇದನ್ನು ಹೆಚ್ಚು ಬಲವಿರುವ ಕಾಲಿನ ಕಡೆಗೆ, ದೀರ್ಘವಾದ ಸನ್ನೆಯೊಂದಿಗೆ ಇಡುವುದು ಅನುಕೂಲಕರ.

ಕಂಬಳಿಯ ನೂಲು ಇದಕ್ಕೆ ವ್ಯತಿರಿಕ್ತವಾದುದು. ಕೈಯಿಂದ ನೂತ ಉಣ್ಣೆಯ ಎಳೆ ದಪ್ಪವಾಗಿಯೂ ರೋಮಭರಿತವಾಗಿಯೂ ಇರುತ್ತದೆ. ಹುಣಸೆಬೀಜದ ಗಂಜಿಯನ್ನು ಹಚ್ಚಿ ಹಾಸನ್ನು ಗಟ್ಟಿಮಾಡಿದರೂ ಅಕ್ಕಪಕ್ಕದ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುವುದುಂಟು. ಪದರಗಳು ಬಿಡಿಸಿಕೊಳ್ಳಬೇಕಾದರೆ ಲಾಳಿದಾರಿ ದೊಡ್ಡದಾಗಿ ತೆರೆಯಬೇಕು, ತುಳಿತದಲ್ಲಿ ಬಲವೂ ಇರಬೇಕು. ಆದಕಾರಣ ದಪ್ಪನೆಯ ಮಣೆ, ಗಟ್ಟಿಯಾದ ಹಗ್ಗ ಮತ್ತು ಆಳವಾದ ಕುಣಿ ಇಲ್ಲಿ ಅಗತ್ಯ. ರೇಷ್ಮೆಯ ಮಗ್ಗಕ್ಕೆ ಹೊಂದಿಸಿದ ಕಾಲುಮಣೆಯಲ್ಲಿ ಕಂಬಳಿ ನೇಯಲಾಗದು. ಕಂಬಳಿಯ ಹೊಂದಿಕೆಯಲ್ಲಿ ರೇಷ್ಮೆಯ ಹಾಸು ಉಳಿಯದು.

ನೇಕಾರರ ದೇಹದ ಮೇಲಿನ ಪರಿಣಾಮ

ಸಾದಾ ನೇಯ್ಗೆಯಲ್ಲಿ ಪ್ರತಿಯೊಂದು ಹೊಕ್ಕಿಗೂ ಒಂದು ತುಳಿತ ಬೇಕು. ಐದೂವರೆ ಮೀಟರ್ ಉದ್ದದ ಸೀರೆಯಲ್ಲಿ ಸೆಂ.ಮೀ.ಗೆ 25 ಹೊಕ್ಕುಗಳಿವೆ ಎಂದುಕೊಂಡರೆ ಒಟ್ಟು 13,750 ತುಳಿತಗಳಾಗುತ್ತವೆ. ಕಾಲುಮಣೆ ಅಗತ್ಯಕ್ಕಿಂತ 2 ಸೆಂ.ಮೀ. ಹೆಚ್ಚು ಆಳಕ್ಕೆ ಇಳಿಯುವಂತಿದ್ದರೆ, ಒಂದು ಸೀರೆ ಮುಗಿಯುವಷ್ಟರಲ್ಲಿ ಪಾದಗಳು 275 ಮೀಟರ್‌ನಷ್ಟು ವ್ಯರ್ಥವಾಗಿ ಇಳಿದಂತಾಗುತ್ತದೆ. ಅಷ್ಟೇ ದೂರ ಮೇಲೇರಲೂ ಬೇಕು. ಒಂದು ತುಳಿತದಲ್ಲಿ ಗಮನಕ್ಕೆ ಬಾರದ ಸಣ್ಣ ದೋಷ ಇಡೀ ಆಯುಷ್ಯದ ಕಸುಬಿನಲ್ಲಿ ಎಷ್ಟಾಗುತ್ತದೆಂಬುದನ್ನು ಇದರಿಂದ ಊಹಿಸಬಹುದು.

ಮಣೆ ದೂರವಿದ್ದರೆ ನೇಕಾರರು ತಮಗೆ ಅರಿವಿಲ್ಲದೆಯೇ ಅಂಚಿನ ತುದಿಗೆ ಜಾರಿ ಮುಂದಕ್ಕೆ ಬಾಗುತ್ತಾರೆ. ಬೆನ್ನುನೋವಿಗೆ ಇದು ಒಂದು ಕಾರಣ. ಎರಡು ಮಣೆಗಳ ಭಾರ ಸಮನಾಗಿಲ್ಲದಿದ್ದರೆ ಒಂದು ಕಡೆಯ ಸೊಂಟ ಮತ್ತು ಮೊಣಕಾಲಿಗೆ ಹೆಚ್ಚು ಶ್ರಮವಾಗುತ್ತದೆ. ಕುಣಿಯ ಅಂಚು ಚೂಪಾಗಿದ್ದರೆ ತೊಡೆಯ ಹಿಂಭಾಗ ಒತ್ತಿಹೋಗಿ ಕಾಲು ಜೋಮು ಹಿಡಿಯುತ್ತದೆ. ಅಂಚಿಗೆ ಮಡಿಸಿದ ಕಂಬಳಿ ಅಥವಾ ಗೋಣಿಯನ್ನು ಹಾಸಿಕೊಳ್ಳುವುದು ಸುಲಭವಾದ ಪರಿಹಾರ. ಆದರೆ ಹಾಸಿದ ದಪ್ಪದಷ್ಟು ಕುಳಿತ ಎತ್ತರವೂ ಹೆಚ್ಚುವುದರಿಂದ ಕಾಲುಮಣೆಯ ಎತ್ತರವನ್ನು ಮತ್ತೆ ನೋಡಿಕೊಳ್ಳಬೇಕು.

ಒಂದೇ ಮಗ್ಗದಲ್ಲಿ ಮನೆಯ ಹಲವರು ಸರದಿಯಂತೆ ನೇಯುವಾಗ ಸಮಸ್ಯೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಎತ್ತರದ ಪುರುಷನ ಅಳತೆಗೆ ತೋಡಿದ ಕುಣಿಯಲ್ಲಿ ಗಿಡ್ಡ ದೇಹದ ಮಹಿಳೆ ಕುಳಿತರೆ ಪಾದದ ತುದಿಯಿಂದ ಮಾತ್ರ ಮಣೆಯನ್ನು ಮುಟ್ಟಲು ಸಾಧ್ಯವಾಗಬಹುದು. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ಕೈಮಗ್ಗ ಕ್ಷೇತ್ರದಲ್ಲಿ 35 ಲಕ್ಷಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದು, ಅವರಲ್ಲಿ ಶೇ. 70ಕ್ಕಿಂತ ಹೆಚ್ಚಿನವರು ಮಹಿಳೆಯರು. ಹೀಗಿರುವಾಗ ಕಾಲುಮಣೆಯನ್ನು ಸುಲಭವಾಗಿ ಸರಿಸುವ ಏರ್ಪಾಡು ಅನುಕೂಲದ ಮಾತಷ್ಟೇ ಆಗಿರದೆ ಆರೋಗ್ಯದ ಪ್ರಶ್ನೆಯೂ ಆಗಿದೆ. ಹಗ್ಗದಲ್ಲಿ ಇಬ್ಬರ ಅಳತೆಗೂ ಬೇರೆ ಬೇರೆ ಗುರುತಿನ ಗಂಟು ಹಾಕಿಟ್ಟುಕೊಂಡರೆ ಕೂರುವವರು ಬದಲಾದಾಗಲೆಲ್ಲ ಕೆಲವೇ ನಿಮಿಷಗಳಲ್ಲಿ ಮಣೆಯನ್ನು ಹೊಂದಿಸಿಕೊಳ್ಳಬಹುದು.

ಸಣ್ಣ ಸ್ಪೋರ್ಟ್ಸ್ ಕಾರಿನ ಪೆಡಲುಗಳೊಂದಿಗೆ ಹೋಲಿಕೆ

ಪಾದಚಾಲಿತ ಸನ್ನೆಯನ್ನು ದೇಹಕ್ಕೆ ಹೊಂದಿಸುವ ಸಮಸ್ಯೆ ಮಗ್ಗಕ್ಕಷ್ಟೇ ಸೀಮಿತವಾದುದಲ್ಲ. ಸಾಮಾನ್ಯ ಕಾರುಗಳಲ್ಲಿ ಪೆಡಲುಗಳು ಸ್ಥಿರವಾಗಿದ್ದು ಆಸನವನ್ನು ಹಿಂದೆ ಮುಂದೆ ಸರಿಸಲಾಗುತ್ತದೆ. ಆದರೆ ಸಣ್ಣ ಸ್ಪೋರ್ಟ್ಸ್ ಕಾರಿನಲ್ಲಿ ಚಾಲಕರು ನೆಲಕ್ಕೆ ಬಹಳ ಹತ್ತಿರವಾಗಿ, ಕಾಲುಗಳನ್ನು ಮುಂದಕ್ಕೆ ಚಾಚಿ, ಇಕ್ಕಟ್ಟಾದ ಜಾಗದಲ್ಲಿ ಕೂರಬೇಕಾಗುತ್ತದೆ. ಆಸನದ ಹಿಂದೆಯೇ ಎಂಜಿನ್ ಇರುವ ಕಾರುಗಳಲ್ಲಿ ಆಸನವನ್ನು ಹಿಂದಕ್ಕೆ ಸರಿಸಲು ಸ್ಥಳವೂ ಇರುವುದಿಲ್ಲ. ಕುಣಿಯ ಅಂಚಿನ ಮೇಲೆ ಕುಳಿತ ನೇಕಾರರ ಸ್ಥಿತಿಗೆ ಇದು ಬಹಳ ಸಮೀಪವಾದುದು.

ಇಂತಹ ಕೆಲವು ಕಾರುಗಳಲ್ಲಿ ಪೆಡಲುಗಳನ್ನೇ ಚಾಲಕರ ಕಡೆಗೆ ತರುವ ಏರ್ಪಾಡು ಮಾಡಲಾಗಿದೆ. 1971ರಲ್ಲಿ ಬಂದ ಇಟಲಿಯ ಮಸೆರಾಟಿ ಬೋರಾ ಕಾರಿನಲ್ಲಿ ಪೆಡಲುಗಳ ಗುಚ್ಛವನ್ನು ದ್ರವದ ಒತ್ತಡದಿಂದ ಮುಂದಕ್ಕೂ ಹಿಂದಕ್ಕೂ ಸರಿಸಬಹುದಾಗಿತ್ತು. 2013ರಲ್ಲಿ ಪ್ರಕಟವಾದ ಲಾಫೆರಾರಿ ಕಾರಿನಲ್ಲಿ ಆಸನ ಕಾರಿನ ಒಡಲಿಗೇ ಸ್ಥಿರವಾಗಿದ್ದು, ಪೆಡಲುಗಳನ್ನೂ ಸ್ಟೀರಿಂಗ್ ಚಕ್ರವನ್ನೂ ಚಾಲಕರಿಗೆ ತಕ್ಕಂತೆ ಹೊಂದಿಸಲಾಗುತ್ತದೆ.

ಸನ್ನೆಯ ನಿಯಮವೂ ಎರಡರಲ್ಲಿ ಒಂದೇ. ಬ್ರೇಕ್ ಪೆಡಲಿನ ಆನುಬಿಂದುವಿನಿಂದ ಪಾದದವರೆಗಿನ ದೂರವನ್ನು, ಆನುಬಿಂದುವಿನಿಂದ ತಳ್ಳುಕಡ್ಡಿಯವರೆಗಿನ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಪೆಡಲ್ ಅನುಪಾತ ಎನ್ನುತ್ತಾರೆ. ಅನುಪಾತ ಹೆಚ್ಚಾದಷ್ಟು ಒತ್ತುವ ಬಲ ಕಡಿಮೆಯಾಗುತ್ತದೆ, ಒತ್ತುವ ಆಳ ಹೆಚ್ಚಾಗುತ್ತದೆ. ಪೆಡಲನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಸಿಕೊಂಡೇ ಇರಬೇಕೆಂಬ ನಿಯಮವೂ ಮಗ್ಗದಲ್ಲಿರುವಂತೆಯೇ ಇದೆ. ಬ್ರೇಕ್ ಮತ್ತು ಆಕ್ಸಿಲರೇಟರ್ ಪೆಡಲುಗಳ ಅಂತರ ಬಹಳ ಕಿರಿದಾದರೆ ಒಂದೇ ಪಾದ ಎರಡನ್ನೂ ಒತ್ತುವ ಅಪಾಯವಿರುವುದು ಇನ್ನೊಂದು ಸಾಮ್ಯ.

ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಮಗ್ಗದಲ್ಲಿ ತಪ್ಪಾದರೆ ಬಟ್ಟೆ ಕೆಡುತ್ತದೆ. ಕಾರಿನಲ್ಲಿ ತಪ್ಪಾದರೆ ಪ್ರಾಣಕ್ಕೇ ಅಪಾಯ. ಬ್ರೇಕ್ ಪೆಡಲಿನ ತಳ್ಳುಕಡ್ಡಿಯನ್ನು ಅಗತ್ಯಕ್ಕಿಂತ ಉದ್ದ ಮಾಡಿದರೆ ಪಾದ ತೆಗೆದ ಮೇಲೂ ಬ್ರೇಕು ಬಿಡದೆ ಕಾಯುತ್ತಾ ಹೋಗಬಹುದು. ಗಿಡ್ಡ ಮಾಡಿದರೆ ಪೆಡಲು ಬಹಳ ಆಳಕ್ಕೆ ಇಳಿದ ಮೇಲಷ್ಟೇ ಬ್ರೇಕು ಹಿಡಿಯಬಹುದು. ಆದ್ದರಿಂದ ನೇಕಾರರು ತಮ್ಮ ಕಾಲುಮಣೆಯನ್ನು ತಾವೇ ಕಟ್ಟಿಕೊಳ್ಳುವಂತೆ ಚಾಲಕರು ಕಾರಿನ ಪೆಡಲುಗಳನ್ನು ಮನೆಯಲ್ಲಿ ಮಾರ್ಪಡಿಸುವುದು ಉಚಿತವಲ್ಲ. ಭಾರತದಲ್ಲಿ ವಾಹನಗಳ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣ ನಿಯಂತ್ರಿಸುತ್ತದೆ.

ಮಗ್ಗದಲ್ಲಾದ ಬದಲಾವಣೆಗಳು

1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುಲಾಳಿಯನ್ನು ರೂಪಿಸಿದ ಮೇಲೆ ನೇಯ್ಗೆಯ ವೇಗ ಹೆಚ್ಚಿತು. ಲಾಳಿಯನ್ನು ಕೈಯಿಂದ ಎಸೆದು ಹಿಡಿಯುವ ಬದಲು ಹಗ್ಗ ಜಗ್ಗಿದರೆ ಸಾಕಾಯಿತು. ಕೈಯ ವೇಗ ಹೆಚ್ಚಿದಂತೆ ಕಾಲಿನ ವೇಗವೂ ಹೆಚ್ಚಬೇಕಾಯಿತು. ಹೀಗಾಗಿ ಕಾಲುಮಣೆಯ ಹೊಂದಿಕೆಗೆ ಹಿಂದೆಂದಿಗಿಂತ ಹೆಚ್ಚಿನ ಮಹತ್ತ್ವ ಬಂದಿತು.

ಕುಣಿಯ ಬದಲಿಗೆ ನೆಲದ ಮೇಲೆ ನಿಲ್ಲುವ ಚೌಕಟ್ಟು ಮಗ್ಗಗಳೂ ಬಳಕೆಯಲ್ಲಿವೆ. ಇವುಗಳಲ್ಲಿ ಆಸನ ಪ್ರತ್ಯೇಕವಾಗಿರುವುದರಿಂದ ಅದರ ಎತ್ತರವನ್ನೂ ಬದಲಿಸಬಹುದು. ಕುಣಿಗೆ ಮಳೆನೀರು ನುಗ್ಗುವ ತೊಂದರೆಯೂ ಇವಕ್ಕಿಲ್ಲ. ಆದರೆ ಮರ ಅಥವಾ ಕಬ್ಬಿಣದ ಖರ್ಚು ಹೆಚ್ಚು. ಮನೆಯೊಳಗೆ ಎತ್ತರವಾದ ಸ್ಥಳವೂ ಬೇಕು. ನೆಲದ ತಂಪು ಹಾಸಿಗೆ ದೊರೆಯುವುದಿಲ್ಲ. ಜಕಾರ್ಡ್‌ನ ಭಾರವನ್ನು ಕಾಲಿನ ಬದಲು ಗಾಳಿಯ ಒತ್ತಡದಿಂದ ಅಥವಾ ಮೋಟಾರಿನಿಂದ ಎತ್ತುವ ಸಾಧನಗಳೂ ಬಂದಿವೆ. ಹೀಗೆ ಮಾಡಿದಾಗ ಕಾಲಿಗೆ ಉಳಿಯುವುದು ಸಾದಾ ಹೀಲ್ಡ್‌ಗಳ ಹಗುರವಾದ ತುಳಿತ ಮಾತ್ರ.

ಹೊಸ ಸಾಧನಗಳಿಗೆ ಹಣ ಬೇಕು. ಕಾಲುಮಣೆಯನ್ನು ಹೊಂದಿಸಲು ಒಂದು ಮೊಳ ಹಗ್ಗ, ಕಂಬಿಯ ಕೆಲವು ಕಚ್ಚುಗಳು ಮತ್ತು ಅರ್ಧ ದಿನದ ಬಿಡುವು ಸಾಕು. ದಿನಗೂಲಿಯ ಲೆಕ್ಕದಲ್ಲಿ ನೇಯುವ ಮನೆಗಳಲ್ಲಿ ಆ ಅರ್ಧ ದಿನವೇ ದುಬಾರಿಯಾಗಿ ತೋರಿ ನೋವನ್ನು ಸಹಿಸಿಕೊಂಡು ನೇಯುವುದುಂಟು. ಕುಣಿಯೊಳಗಿನ ಈ ಎರಡು ಮಣೆಗಳು ಸರಿಯಾಗಿ ಕೂತರೆ ಅದೇ ಮಗ್ಗದಲ್ಲಿ, ಅದೇ ದೇಹದಿಂದ, ಹೆಚ್ಚು ವರ್ಷಗಳ ಕಾಲ ನೇಯಲು ಸಾಧ್ಯವಾಗುತ್ತದೆ.

ಇವನ್ನೂ ನೋಡಿ

* ಕೈಮಗ್ಗ
* ಮೊಳಕಾಲ್ಮೂರು ಸೀರೆ
* ಕಂಬಳಿ
* ಜಕಾರ್ಡ್ ಮಗ್ಗ
* ಸನ್ನೆ
* ಚಿತ್ರದುರ್ಗ ಜಿಲ್ಲೆ